ಸಹಾಯ ಬೇಕು: ಅಮ್ಮನ ಮಂಡಿನೋವು, ಮಗನ ಸಮುದ್ರದ ಹಟ

ನಮಸ್ಕಾರ. ನಾವು ಬೆಂಗಳೂರಿನ ವಿಜಯನಗರದವರು. ಡಿಸೆಂಬರ್ ರಜೆಯಲ್ಲಿ ಮೂರು ದಿನ ಎಲ್ಲಾದರೂ ಹೋಗೋಣ ಅಂತ ಇದ್ದೇವೆ. ಜೊತೆಗೆ 68 ವರ್ಷದ ಅಮ್ಮ, ಆರು ವರ್ಷದ ಮಗ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಆಗಲ್ಲ. ಮಗನಿಗೆ ನೀರು ಕಂಡರೆ ಸಾಕು.

ಮೊದಲು ಯೇರ್ಕಾಡ್ ಅಂದುಕೊಂಡೆವು. ಕೆರೆ ಇದೆ, ದೋಣಿ ಇದೆ, ತಂಪೂ ಇರುತ್ತದೆ. ಆದರೆ ಸೇಲಂ ಕಡೆಯಿಂದ ಹತ್ತುವಾಗ 20 ಹೇರ್‌ಪಿನ್ ತಿರುವು! ಅಮ್ಮನಿಗೆ ಮಡಿಕೇರಿ ದಾರಿಯಲ್ಲೇ ವಾಂತಿ ಆಗಿತ್ತು. ಅದನ್ನು ಬಿಟ್ಟೆವು. ಗೋಕರ್ಣವೂ ಬೇಡ ಅನಿಸಿತು. ಓಂ ಬೀಚ್‌ಗೆ ಮೆಟ್ಟಿಲು ಇಳಿಯಬೇಕು, ಅಲ್ವಾ?

ಈಗ ಉಳಿದಿರುವುದು ಎರಡೇ, ಮುರುಡೇಶ್ವರ ಮತ್ತು ಮರವಂತೆ. ಪಂಚಗಂಗಾ ರೈಲಿನಲ್ಲಿ ರಾತ್ರಿ ಮಲಗಿ ಹೋಗುವ ಲೆಕ್ಕ. ಮುರುಡೇಶ್ವರದಲ್ಲಿ ದೇವಸ್ಥಾನದ ಪಕ್ಕದಲ್ಲೇ ಬೀಚ್, ರಾಜಗೋಪುರಕ್ಕೆ ಲಿಫ್ಟ್ ಬೇರೆ ಇದೆ. ಅಮ್ಮ ಈಗಲೇ ಖುಷಿ. ಆದರೆ ರಜೆಯಲ್ಲಿ ಜನಜಂಗುಳಿ. ಮರವಂತೆಯಲ್ಲಿ ಹೆದ್ದಾರಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ನನ್ನ ಮನಸ್ಸು ಅಲ್ಲೇ ಇದೆ, ಸುಮ್ನೆ ಹೇಳಲ್ಲ. ಆದರೆ ಕುಂದಾಪುರದಲ್ಲಿ ಇಳಿದು ಮತ್ತೆ ಸುಮಾರು 20 ಕಿಲೋಮೀಟರ್ ಹೋಗಬೇಕು. ಅಲೆ ಜೋರು ಅಂತಲೂ ಕೇಳಿದ್ದೇನೆ.

ಎರಡು ಕಡೆಗೂ ಫೋನ್ ಮಾಡಿದೆ. ರೂಮಿನವರು ಎಲ್ಲರೂ "ಬನ್ನಿ ಸಾರ್, ಏನೂ ತೊಂದರೆ ಇಲ್ಲ" ಅನ್ನುತ್ತಾರೆ. ಅವರು ಹಾಗೇ ಹೇಳೋದು ಬಿಡಿ.

ವಯಸ್ಸಾದವರು, ಮಕ್ಕಳ ಜೊತೆ ಡಿಸೆಂಬರ್‌ನಲ್ಲಿ ಹೋಗಿ ಬಂದವರು ಹೇಳಿ: ಮಗು ದಡದಲ್ಲಿ ಕಾಲು ನೆನೆಸಿಕೊಂಡು ಆಡಲು ಮರವಂತೆ ಸುರಕ್ಷಿತವೇ? ಇಲ್ಲವಾದರೆ ಮುರುಡೇಶ್ವರದಲ್ಲೇ ಉಳಿದು, ಒಂದು ದಿನ ಕಾರಿನಲ್ಲಿ ಮರವಂತೆ ನೋಡಿ ಬರಬಹುದೇ?