ಕ್ರಾಪಿ ಎಲ್ಲಿ ಹೋಯಿತು? ಮೂರು ವರ್ಷದ ಹಿಂದಿನ ನೀರನ್ನು ಕೇಳಿ

ಪ್ರಶ್ನೆ (ಮೆಂಫಿಸ್‌ನ ಸದಸ್ಯರು):

ನಮಸ್ಕಾರ. ನನ್ನದು ದಾವಣಗೆರೆ ಕಡೆ, ಈಗ ಐದು ವರ್ಷದಿಂದ ಅಮೆರಿಕದ ಮೆಂಫಿಸ್‌ನಲ್ಲಿದ್ದೇನೆ. ಆಫೀಸಿನ ಗೆಳೆಯನೊಬ್ಬ ಗಾಳದ ಹುಚ್ಚು ಹತ್ತಿಸಿದ. ಮಾರ್ಚ್ ಬಂತೆಂದರೆ ಶನಿವಾರ ಬೆಳಿಗ್ಗೆ ಮಿಸಿಸಿಪ್ಪಿ ರಾಜ್ಯದ ಸಾರ್ಡಿಸ್ ಜಲಾಶಯಕ್ಕೆ ಓಡುತ್ತೇವೆ, ಕ್ರಾಪಿ ಅನ್ನುವ ಸಿಹಿನೀರಿನ ಮೀನು ಹಿಡಿಯಲು. ಒಂದು ಗಂಟೆಯ ದಾರಿ. ಶುರುವಿನಲ್ಲಿ ಮಧ್ಯಾಹ್ನದೊಳಗೆ ಐಸ್ ಡಬ್ಬಿ ತುಂಬುತ್ತಿತ್ತು. ಹೋದ ವರ್ಷ ಪರವಾಗಿಲ್ಲ ಅನ್ನುವಷ್ಟು. ಈ ವರ್ಷ ಇಡೀ ದಿನ ಕೂತರೂ ನಾಲ್ಕೇ ಕ್ರಾಪಿ. ವಿಚಿತ್ರ ಏನೆಂದರೆ ಆ ನಾಲ್ಕೂ ಸಖತ್ ದೊಡ್ಡವು.

ಜನ ಮಿತಿಮೀರಿ ಹಿಡಿದು ಖಾಲಿ ಮಾಡಿದರು ಅಂತ ಗೆಳೆಯ ಹೇಳುತ್ತಾನೆ. ದೋಣಿ ಇಳಿಸುವ ಜಾಗದಲ್ಲಿ ಸಿಕ್ಕ ಅಜ್ಜ ಒಬ್ಬರು "ಎಲ್ಲಾ ಆ ಸೋನಾರ್ ಪರದೆಯಿಂದ" ಅಂದರು, ನೀರೊಳಗಿನ ಮೀನು ತೋರಿಸುವ ಯಂತ್ರ ಅದು. ಇನ್ನೊಬ್ಬರು ಡ್ಯಾಂನವರು ನೀರು ಬಿಟ್ಟು ಹಾಳು ಮಾಡಿದರು ಅಂತ ಬೈದರು. ಯಾವುದು ನಿಜ?

ಉತ್ತರ (ಮೀನುಗಾರಿಕೆ ಜೀವಶಾಸ್ತ್ರಜ್ಞ):

ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಇದೆ. ಆದರೆ ಬೈದರಲ್ಲ, ಅವರ ಮಾತು ಸತ್ಯಕ್ಕೆ ಜಾಸ್ತಿ ಹತ್ತಿರ. ಅವರು ತಪ್ಪಿದ್ದು ವರ್ಷದಲ್ಲಿ. ಅವರು ಬೈಯಬೇಕಾದದ್ದು ಈ ವರ್ಷದ ನೀರನ್ನಲ್ಲ, ಎರಡು ಮೂರು ವರ್ಷದ ಹಿಂದಿನ ನೀರನ್ನು.

ಮೊದಲು ಆ ಜಲಾಶಯ ಯಾಕೆ ಇದೆ ಅಂತ ನೋಡೋಣ. 1927ರಲ್ಲಿ ಮಿಸಿಸಿಪ್ಪಿ ನದಿಗೆ ಬಂದ ಮಹಾಪ್ರವಾಹ ಆ ಸೀಮೆಯನ್ನು ಮುಳುಗಿಸಿತು. ಆಮೇಲೆ 1936ರ ಪ್ರವಾಹ ನಿಯಂತ್ರಣ ಕಾಯ್ದೆ ಬಂತು. ಉತ್ತರ ಮಿಸಿಸಿಪ್ಪಿಯಲ್ಲಿ ಅಮೆರಿಕ ಸೇನೆಯ ಎಂಜಿನಿಯರ್ ದಳ ನಾಲ್ಕು ಅಣೆಕಟ್ಟು ಕಟ್ಟಿತು: ಸಾರ್ಡಿಸ್ 1940ರಲ್ಲಿ, ಅರ್ಕಬಟ್ಲ 1943ರಲ್ಲಿ, ಈನಿಡ್ 1952ರಲ್ಲಿ, ಗ್ರೆನಾಡ 1954ರಲ್ಲಿ ಮುಗಿದವು. ಬೆಟ್ಟದ ಕಡೆಯಿಂದ ಇಳಿಯುವ ನೀರನ್ನು ತಡೆದು, ಕೆಳಗಿನ ಡೆಲ್ಟಾ ಅನ್ನುವ ತಗ್ಗು ಬಯಲಿನ ಹತ್ತಿ ಹೊಲ ಮತ್ತು ಊರುಗಳನ್ನು ಉಳಿಸುವುದು ಇವುಗಳ ಕೆಲಸ. ಮೀನಿಗಾಗಿ ಕಟ್ಟಿದ್ದಲ್ಲ.

ನಮ್ಮ ಕಡೆಯವರಿಗೆ ಇದು ತಲೆಕೆಳಗು ಅನ್ನಿಸುತ್ತದೆ. ಕೆಆರ್‌ಎಸ್‌ನಲ್ಲಿ ನೀರು 124.80 ಅಡಿ ಮುಟ್ಟಿತು ಅಂದರೆ ನಮಗೆ ಹಬ್ಬ, ಬಾಗಿನ ಕೊಡುತ್ತೇವೆ. ಸಾರ್ಡಿಸ್‌ನ ಎಂಜಿನಿಯರ್‌ಗೆ ಜಲಾಶಯ ತುಂಬಿತು ಅಂದರೆ ನಿದ್ದೆ ಹೋಯಿತು ಅಂತ ಅರ್ಥ. ಮಳೆ ಬಂದಾಗ ಹಿಡಿದಿಡಲು ಜಾಗ ಬೇಕಲ್ಲ, ಅದಕ್ಕೆ ಖಾಲಿ ಇಟ್ಟುಕೊಳ್ಳುವುದೇ ಅವರ ಕೆಲಸ. ಹಾಗಾಗಿ ಬೇಸಿಗೆ ಮುಗಿಯುತ್ತಿದ್ದ ಹಾಗೆ ನೀರು ಬಿಡಲು ಶುರು ಮಾಡುತ್ತಾರೆ. ಸಾರ್ಡಿಸ್‌ನ ಬೇಸಿಗೆ ಮಟ್ಟ ಸಮುದ್ರಮಟ್ಟದಿಂದ 260 ಅಡಿ, ಚಳಿಗಾಲದ ಮಟ್ಟ 236 ಅಡಿ. ಅಂದರೆ ಪ್ರತಿ ವರ್ಷ 24 ಅಡಿ ಏರಿಳಿತ. ತಳ ಬಹಳ ಸಪಾಟು, ಅದಕ್ಕೇ 24 ಅಡಿ ಇಳಿದರೆ ದಡ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಚಳಿಗಾಲದಲ್ಲಿ ಸುಮಾರು 10 ಸಾವಿರ ಎಕರೆ ಇರುವ ನೀರು, ಕೋಡಿ ಬೀಳುವ ಮಟ್ಟಕ್ಕೆ ಬಂದರೆ 58 ಸಾವಿರ ಎಕರೆ ದಾಟುತ್ತದೆ. ಜನವರಿಯಲ್ಲಿ ಒಮ್ಮೆ ಹೋಗಿ ನೋಡಿ. ನೀವು ಏಪ್ರಿಲ್‌ನಲ್ಲಿ ದೋಣಿ ನಿಲ್ಲಿಸಿದ ಜಾಗದಲ್ಲಿ ಒಣಗಿದ ಮಣ್ಣಿನ ಮೇಲೆ ನಡೆಯಬಹುದು.

ಈಗ ಮೀನಿನ ಕಥೆ. ಅಲ್ಲಿ ಜಾಸ್ತಿ ಸಿಗುವುದು ಬಿಳಿ ಕ್ರಾಪಿ. ನೀರು 16ರಿಂದ 20 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗಾದಾಗ, ಅಂದರೆ ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ, ಗಂಡು ದಡದ ಕಡೆ ಬಂದು ಪೊದೆ, ಬೊಡ್ಡೆ, ಹುಲ್ಲಿನ ಬುಡದಲ್ಲಿ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆ ಇಟ್ಟು ಹೊರಟುಹೋಗುತ್ತದೆ. ಕಾವಲು ಅಪ್ಪನದು. ನಮ್ಮ ಕೆರೆಗಳ ಕೊರವ ಮೀನು ಕೆಂಪು ಮರಿಗಳ ಗುಂಪಿನ ಕೆಳಗೇ ಸುತ್ತುತ್ತಾ ಕಾಯುವುದನ್ನು ನೋಡಿದ್ದರೆ ಅಂದಾಜಾಗುತ್ತದೆ, ಆದರೆ ಕ್ರಾಪಿ ಅಷ್ಟು ದಿನ ಕಾಯುವುದಿಲ್ಲ. ಕೆಲವೇ ದಿನದಲ್ಲಿ ಮೊಟ್ಟೆ ಒಡೆಯುತ್ತದೆ, ಮರಿ ಹೊರಡುತ್ತದೆ, ಅಷ್ಟೇ.

ಆ ಕೆಲವೇ ದಿನದಲ್ಲಿ, ಮತ್ತು ಆಮೇಲಿನ ಒಂದೆರಡು ತಿಂಗಳಲ್ಲಿ, ಎಲ್ಲಾ ತೀರ್ಮಾನ ಆಗಿಬಿಡುತ್ತದೆ. ಒಂದು ಹೆಣ್ಣಿನ ಮೊಟ್ಟೆಗಳೇ ಹತ್ತಾರು ಸಾವಿರ. ಆದ್ದರಿಂದ ತಾಯಿ ಮೀನು ಕಡಿಮೆ ಇದೆ ಅನ್ನುವುದು ಸಾಮಾನ್ಯವಾಗಿ ತೊಂದರೆಯೇ ಅಲ್ಲ. ಎಷ್ಟು ಮರಿ ಬದುಕಿತು ಅನ್ನುವುದೇ ಪ್ರಶ್ನೆ, ಮತ್ತು ಅದು ನೀರಿನ ಕೈಯಲ್ಲಿದೆ.

ಒಳ್ಳೆಯ ವರ್ಷ ಹೀಗಿರುತ್ತದೆ. ಹಿಂದಿನ ಶರತ್ಕಾಲದಲ್ಲಿ ನೀರು ಇಳಿದಾಗ ಬಯಲಾದ ಕೆಸರಿನಲ್ಲಿ ಹುಲ್ಲು, ಕಳೆ ಬೆಳೆದಿರುತ್ತದೆ. ಬಿಸಿಲು ಬಿದ್ದ ಮಣ್ಣು ಹದವಾಗಿರುತ್ತದೆ. ಚಳಿಗಾಲದ ಕೊನೆಗೆ ಚೆನ್ನಾಗಿ ಮಳೆ ಬಂದು ನೀರು ಬೇಗ ಏರಿ ಆ ಹುಲ್ಲನ್ನೆಲ್ಲ ಮುಳುಗಿಸುತ್ತದೆ. ಅದು ಕೊಳೆತು ನೀರಿಗೆ ಗೊಬ್ಬರ. ಗೊಬ್ಬರದಿಂದ ಪಾಚಿ, ಪಾಚಿ ತಿಂದು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಅವನ್ನು ತಿಂದು ಕ್ರಾಪಿ ಮರಿ. ಬಚ್ಚಿಟ್ಟುಕೊಳ್ಳಲು ಪೊದೆಯೂ ಉಂಟು. ಹೊಸದಾಗಿ ಗೊಬ್ಬರ ಹಾಕಿ ನೀರು ಕಟ್ಟಿದ ಗದ್ದೆ ಇದ್ದ ಹಾಗೆ. ಅಲಬಾಮಾ ಮತ್ತು ಟೆನೆಸ್ಸಿಯ ಜಲಾಶಯಗಳಲ್ಲಿ ನಡೆದ ಅಧ್ಯಯನಗಳಲ್ಲೂ ಗೂಡು ಕಟ್ಟುವ ಮೊದಲೇ, ಚಳಿಗಾಲದಲ್ಲೇ, ನೀರು ಜೋರಾಗಿ ಬಂದ ವರ್ಷಗಳಲ್ಲಿ ಮರಿ ಜಾಸ್ತಿ ಉಳಿದದ್ದು ಕಂಡಿದೆ.

ಕೆಟ್ಟ ವರ್ಷಕ್ಕೆ ಎರಡು ಮುಖ. ಒಂದು, ಬರ. ನೀರು ಪೊದೆ ತನಕ ಏರುವುದೇ ಇಲ್ಲ. ಬೋಳು ಕೆಸರಿನ ಮೇಲೆ ಗೂಡು ಕಟ್ಟಬೇಕು, ಅಲೆ ಬಡಿದು ಹೂಳು ಕೂರುತ್ತದೆ. ಇನ್ನೊಂದು, ತಪ್ಪು ಹೊತ್ತಿನ ಏರಿಳಿತ. ಮೊಟ್ಟೆ ಇಟ್ಟ ಮೇಲೆ ನೀರು ಸರಸರ ಇಳಿದರೆ ಗೂಡು ಒಣಗುತ್ತದೆ, ಇಲ್ಲವೇ ಅಪ್ಪ ಬಿಟ್ಟು ಓಡುತ್ತದೆ. ಮರಿ ಈಜಲು ಶುರು ಮಾಡಿದ ಹೊತ್ತಿನಲ್ಲಿ ತೂಬು ದೊಡ್ಡದಾಗಿ ತೆರೆದರೆ ನೀರಿನ ಜೊತೆ ಮರಿಯೂ ಮರಿಯ ಊಟವೂ ಕೆಳಗೆ ಹೋಗುತ್ತವೆ. ನೀರು ಬಂತು ಅನ್ನುವುದಷ್ಟೇ ಸಾಲದು. ಯಾವಾಗ ಬಂತು, ಎಷ್ಟು ದಿನ ನಿಂತಿತು ಅನ್ನುವುದು ಮುಖ್ಯ.

ಒಳ್ಳೆಯ ವರ್ಷ ಹುಟ್ಟಿದ ಮರಿ ನಿಮ್ಮ ಗಾಳಕ್ಕೆ ಬರುವಷ್ಟು ಬೆಳೆಯಲು ಎರಡು ಮೂರು ವರ್ಷ ಬೇಕು. ಕ್ರಾಪಿಗೆ ಆಯುಸ್ಸೂ ಕಡಿಮೆ, ಬಹಳಷ್ಟು ಮೀನು ನಾಲ್ಕೈದು ವರ್ಷ ದಾಟುವುದಿಲ್ಲ. ಆದ್ದರಿಂದ ಒಂದು ದೊಡ್ಡ ಬ್ಯಾಚ್ ಬಂದರೆ ಜಲಾಶಯ ಒಂದೆರಡು ವರ್ಷ ಕುಣಿಯುತ್ತದೆ. ಹಿಂದೆಯೇ ಎರಡು ಸೋತ ಬ್ಯಾಚ್ ಬಂದರೆ, ಮಧ್ಯೆ ತೂತು. ನೀವು ಈಗ ಕೂತಿರುವುದು ಆ ತೂತಿನಲ್ಲಿ ಅಂತ ನನ್ನ ಊಹೆ.

ನಿಮ್ಮ ನಾಲ್ಕು ದೊಡ್ಡ ಮೀನೂ ಅದನ್ನೇ ಹೇಳುತ್ತಿವೆ. ಮರಿ ಜಾಸ್ತಿ ಇದ್ದರೆ ಊಟಕ್ಕೆ ಕಿತ್ತಾಟ, ಎಲ್ಲವೂ ಸಣಕಲಾಗಿ ಉಳಿಯುತ್ತವೆ. ಕಡಿಮೆ ಇದ್ದರೆ ಬದುಕಿದವಕ್ಕೆ ಶ್ಯಾಡ್ ಅನ್ನುವ ಸಣ್ಣ ಮೀನಿನ ಮದುವೆಯೂಟ. ಗ್ರೆನಾಡದಲ್ಲಿ ಮೂರು ಪೌಂಡಿನ ಕ್ರಾಪಿ ಸಿಗುತ್ತದೆ ಅಂತ ಜನ ದೂರದ ರಾಜ್ಯಗಳಿಂದ ಗಾಡಿ ಓಡಿಸಿಕೊಂಡು ಬರುತ್ತಾರೆ, ಗೊತ್ತಲ್ಲ? ಬಿಳಿ ಕ್ರಾಪಿಯ ವಿಶ್ವದಾಖಲೆಯೂ ಇದೇ ನಾಲ್ಕರಲ್ಲಿ ಒಂದಾದ ಈನಿಡ್‌ನದು. 1957ರ ಜುಲೈನಲ್ಲಿ ಸಿಕ್ಕ 5 ಪೌಂಡ್ 3 ಔನ್ಸಿನ ಮೀನು.

ಪ್ರಶ್ನೆ ಕೇಳಿದವರು: ಅಯ್ಯೋ, ಅಂದರೆ ಗೆಳೆಯನ ಮಾತು ಸುಳ್ಳಾ? ಜನ ಹಿಡಿಯುವುದರಿಂದ ಏನೂ ಆಗುವುದಿಲ್ಲವೇ?

ಉತ್ತರ: ಆಗುತ್ತದೆ. ಹುಟ್ಟುವ ಮರಿಯ ಲೆಕ್ಕವನ್ನು ಜನ ಬದಲಿಸುವುದಿಲ್ಲ, ಆದರೆ ಹುಟ್ಟಿದ್ದು ಎಷ್ಟು ವರ್ಷ ಉಳಿಯುತ್ತದೆ ಅನ್ನುವುದನ್ನು ಬದಲಿಸುತ್ತಾರೆ. ಮುಖ್ಯವಾಗಿ ಚಳಿಗಾಲದಲ್ಲಿ. 58 ಸಾವಿರ ಎಕರೆಯಲ್ಲಿ ಹರಡಬಹುದಾದ ಮೀನು 10 ಸಾವಿರ ಎಕರೆಯಲ್ಲಿ ಒತ್ತೊತ್ತಾಗಿ ನಿಂತಿರುತ್ತದೆ. ದೋಣಿಯ ಮುಂದೆ ಜೇಡದ ಕಾಲಿನ ಹಾಗೆ ಎಂಟು ಗಾಳದ ಕೋಲು ಚಾಚಿಕೊಂಡು ನಿಧಾನವಾಗಿ ಹೋಗುವವರಿಗೆ ಅದು ಸುಗ್ಗಿ. ಅದಕ್ಕೇ ಈ ಜಲಾಶಯಗಳಲ್ಲಿ 12 ಇಂಚಿಗಿಂತ ಚಿಕ್ಕ ಕ್ರಾಪಿಯನ್ನು ವಾಪಸ್ ಬಿಡಬೇಕು ಅನ್ನುವ ನಿಯಮ, ದಿನಕ್ಕೆ ಇಷ್ಟೇ ಅನ್ನುವ ಮಿತಿ. ನಿಯಮ ಬದಲಾಗುತ್ತಿರುತ್ತದೆ, ಹೋಗುವ ಮೊದಲು ಆ ವರ್ಷದ ಪಟ್ಟಿ ನೋಡಿಕೊಳ್ಳಿ. ಸೋತ ಬ್ಯಾಚ್ ಇದ್ದಾಗ ಇದ್ದ ಮೀನನ್ನು ಎರಡು ಮೂರು ವರ್ಷಕ್ಕೆ ಹಂಚಿ ತಿನ್ನಲು ಈ ನಿಯಮ ಸಹಾಯ ಮಾಡುತ್ತದೆ. ಹೊಸ ಮೀನು ಹುಟ್ಟಿಸುವುದಿಲ್ಲ.

ಸೋನಾರ್ ಬಗ್ಗೆ ಆ ಅಜ್ಜನ ಕೋಪ ನನಗೂ ಅರ್ಥವಾಗುತ್ತದೆ. ದೋಣಿಯ ಮುಂದಿರುವ ಮೀನು ಆ ಕ್ಷಣದಲ್ಲೇ ಪರದೆಯಲ್ಲಿ ಕಾಣುವ ಯಂತ್ರ 2018ರ ಹೊತ್ತಿಗೆ ಬಂತು. ಅದರಿಂದ ದೊಡ್ಡ ಮೀನನ್ನೇ ಹುಡುಕಿ ಹಿಡಿಯುವುದು ಸುಲಭವಾಯಿತು. ಚರ್ಚೆ ಇನ್ನೂ ನಡೆಯುತ್ತಿದೆ. ಆದರೆ ಇಂಥ ಯಂತ್ರ ಬರುವ ಎಷ್ಟೋ ಮೊದಲೇ ಕ್ರಾಪಿಯ ಏರಿಳಿತ ಇತ್ತು, ಅದನ್ನು ಮರೆಯಬಾರದು.

ಇನ್ನೊಬ್ಬ ಸದಸ್ಯರು: ಮೀನಿನ ವಯಸ್ಸು ನಿಮಗೆ ಹೇಗೆ ಗೊತ್ತಾಗುತ್ತದೆ ಸಾರ್? ಸುಮ್ನೆ ಉದ್ದ ನೋಡಿ ಹೇಳುವುದಾ?

ಉತ್ತರ: ಉದ್ದ ನಂಬಿದರೆ ಕೆಟ್ಟೆವು, ಈಗಷ್ಟೇ ಹೇಳಿದೆನಲ್ಲ, ಊಟದ ಮೇಲೆ ಹೋಗುತ್ತದೆ. ಮೀನಿನ ತಲೆಯೊಳಗೆ ಕಿವಿಯ ಹತ್ತಿರ ಅಕ್ಕಿ ಕಾಳಿನಂಥ ಒಂದು ಜೊತೆ ಕಲ್ಲು ಇರುತ್ತದೆ. ಅದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರದ ಕಾಂಡದ ಹಾಗೆ ವರ್ಷಕ್ಕೊಂದು ಉಂಗುರ. ಶರತ್ಕಾಲದಲ್ಲಿ ಬಲೆಗೂಡು ಇಟ್ಟು ಹಿಡಿದ ಮೀನುಗಳ ಕಲ್ಲು ಎಣಿಸಿದರೆ ಯಾವ ವರ್ಷದ ಬ್ಯಾಚ್ ದಪ್ಪ, ಯಾವುದು ತೆಳು ಅಂತ ತಿಳಿಯುತ್ತದೆ. ಒಂದು ಸಲ ನೂರಾರು ಕಲ್ಲು ನೋಡಿದೆವು, ಬಹುಪಾಲು ಒಂದೇ ವಯಸ್ಸು. ಇಡೀ ಶಾಲೆಯಲ್ಲಿ ಮೂರನೇ ಕ್ಲಾಸು ಮಾತ್ರ ತುಂಬಿ, ಒಂದು ಎರಡು ಖಾಲಿ ಇದ್ದ ಹಾಗೆ. ಮುಂದಿನ ವರ್ಷ ಏನಾಗುತ್ತದೆ ಅಂತ ಹೇಳಲು ಜ್ಯೋತಿಷ್ಯ ಬೇಕಿರಲಿಲ್ಲ.

ಹೊಸಪೇಟೆಯ ಸದಸ್ಯರು: ನಮ್ಮ ಟಿ.ಬಿ. ಡ್ಯಾಂನಲ್ಲೂ ಇದೇ ಲೆಕ್ಕವಾ? ಇಲ್ಲೂ ಒಂದು ವರ್ಷ ಕಟ್ಲಾ ಸಿಕ್ಕಾಪಟ್ಟೆ, ಮರುವರ್ಷ ಇಲ್ಲ.

ಉತ್ತರ: ಅರ್ಧ ಮಾತ್ರ. ಕಟ್ಲಾ, ರೋಹು ನಿಂತ ನೀರಿನಲ್ಲಿ ಗೂಡು ಕಟ್ಟುವ ಜಾತಿ ಅಲ್ಲ. ಮುಂಗಾರಿನ ಹೊಸ ನೀರು ನದಿಯಲ್ಲಿ ಹರಿಯುವಾಗ ಮೇಲಕ್ಕೆ ಹೋಗಿ ಮೊಟ್ಟೆ ಬಿಡುವಂಥವು. ಅದು ಸಾಲದು ಅಂತಲೇ ಮರಿ ತಂದು ಬಿತ್ತುತ್ತಾರೆ. ಹಾಗಾಗಿ ಅಲ್ಲಿ ನೀರಿನ ಮಟ್ಟದ ಜೊತೆಗೆ ಯಾವ ವರ್ಷ ಎಷ್ಟು ಮರಿ ಬಿಟ್ಟರು, ಎಷ್ಟು ದೊಡ್ಡದನ್ನು ಬಿಟ್ಟರು ಅನ್ನುವುದನ್ನೂ ಕೇಳಬೇಕು. ಕ್ರಾಪಿಗೆ ಹೋಲಿಸಬೇಕೆಂದರೆ ಜಿಲೇಬಿ ಮೀನು ಸ್ವಲ್ಪ ಹತ್ತಿರ, ಅದೂ ದಡದಲ್ಲಿ ಗುಂಡಿ ತೋಡುತ್ತದೆ. ಆದರೆ ಅದರ ತಾಯಿ ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡು ನೀರಿನ ಜೊತೆ ಹಿಂದೆ ಸರಿಯುತ್ತದೆ. ಕ್ರಾಪಿಗೆ ಆ ಬುದ್ಧಿ ಇಲ್ಲ. ಗೂಡು ಇದ್ದಲ್ಲೇ ಇರುತ್ತದೆ, ನೀರು ಹೊರಟುಹೋಗುತ್ತದೆ.

ಮತ್ತೊಬ್ಬ ಸದಸ್ಯರು: ಹಾಗಾದರೆ ಏಪ್ರಿಲ್‌ನಲ್ಲಿ ಎರಡು ವಾರ ನೀರು ಇಳಿಸಬೇಡಿ ಅಂತ ಡ್ಯಾಂನವರಿಗೆ ಹೇಳಿದರೆ ಮುಗಿಯಿತಲ್ವಾ?

ಉತ್ತರ: ಹೇಳುತ್ತಲೇ ಇರುತ್ತೇವೆ. ಮಳೆ ಸಾಧಾರಣವಾಗಿದ್ದರೆ ಕೇಳುತ್ತಾರೆ ಕೂಡ. ಆದರೆ ಏಪ್ರಿಲ್ ಅಂದರೆ ಅಲ್ಲಿ ಜೋರು ಮಳೆಯ ಕಾಲ. ಜಲಾಶಯ ತುಂಬಿ ನಿಂತಿರುವಾಗ ಇನ್ನೊಂದು ದೊಡ್ಡ ಮಳೆಯ ಮುನ್ಸೂಚನೆ ಬಂದರೆ ತೂಬು ತೆರೆಯಲೇಬೇಕು. ಕೆಳಗೆ ಹೊಳೆ ಈಗಾಗಲೇ ತುಂಬಿದ್ದರೆ ಅದೂ ಆಗದು, ಬಿಟ್ಟ ನೀರು ಯಾರದೋ ಮನೆಗೆ ನುಗ್ಗುತ್ತದೆ. ಆ ಕುರ್ಚಿಯಲ್ಲಿ ಕೂತವರ ಮುಂದೆ ನಾನು ಕ್ರಾಪಿ ಗೂಡಿನ ವಿಷಯ ಎತ್ತಿದಾಗ ಅವರು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಮೆಂಫಿಸ್‌ಗೆ ಹತ್ತಿರದ ಅರ್ಕಬಟ್ಲದ್ದೇ ನೋಡಿ. 2023ರ ಮೇನಲ್ಲಿ ಆ ಕಟ್ಟೆ ಕುಸಿಯಬಹುದು ಅನ್ನುವ ಲಕ್ಷಣ ಕಂಡಿತು, ನೀರನ್ನು ಇಳಿಸಿಬಿಟ್ಟರು. ಮೀನು ಏನಾಗುತ್ತದೆ ಅಂತ ಕೇಳುತ್ತಾ ಕೂರುವ ಹೊತ್ತು ಅದಲ್ಲ.

ಪ್ರಶ್ನೆ ಕೇಳಿದವರು: ಸರಿ ಸಾರ್. ಹಾಗಾದರೆ ಮುಂದಿನ ವರ್ಷ ಎಲ್ಲಿಗೆ ಹೋಗಲಿ?

ಉತ್ತರ: ನಾಲ್ಕೂ ಜಲಾಶಯಗಳ ದಿನದ ನೀರಿನ ಮಟ್ಟ ಎಂಜಿನಿಯರ್ ದಳದ ಜಾಲತಾಣದಲ್ಲಿ ಸಿಗುತ್ತದೆ. ಎರಡು ಮೂರು ವರ್ಷದ ಹಿಂದಿನ ಜನವರಿಯಿಂದ ಜೂನ್ ತನಕದ ಗೆರೆ ತೆಗೆದು ನೋಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಬೇಗ ಏರಿ, ಏಪ್ರಿಲ್ ಪೂರ್ತಿ ಮೇಲೇ ನಿಂತಿದ್ದ ಜಲಾಶಯ ಯಾವುದೋ ಅಲ್ಲಿಗೆ ಹೋಗಿ. ನಾಲ್ಕರದೂ ಹೊಳೆ ಬೇರೆ, ಮಳೆ ಬೇರೆ, ಒಂದು ಸೋತಾಗ ಇನ್ನೊಂದು ಗೆದ್ದಿರಬಹುದು. ಅಷ್ಟು ತಾಳ್ಮೆ ಇಲ್ಲದಿದ್ದರೆ, ನೀರು ಬಿಟ್ಟಿದ್ದಾರೆ ಅಂತ ಗೊತ್ತಾದ ವಾರ ಅಣೆಕಟ್ಟಿನ ಕೆಳಗಿನ ಮಡುವಿಗೆ ಹೋಗಿ. ಮೇಲಿನಿಂದ ಕೊಚ್ಚಿಕೊಂಡು ಬಂದ ಕ್ರಾಪಿ ಅಲ್ಲಿ ಕಲ್ಲಿನ ಮರೆಯಲ್ಲಿ ನಿಂತಿರುತ್ತದೆ. ಸೆಳೆತ ಜೋರಿರುತ್ತದೆ, ಲೈಫ್ ಜಾಕೆಟ್ ಹಾಕಿಕೊಳ್ಳದೆ ಇಳಿಯಬೇಡಿ.