ಹದಿನೈದು ವರ್ಷ ನಿಂತಿದ್ದ ಆರ್‌ಡಿ 350: ಮೊದಲು ಪೇಂಟಾ, ಇಂಜಿನ್ನಾ?

ಕಿಕ್ಕರ್ ಕಿಟ್ಟಿ:
ಎಲ್ಲರಿಗೂ ನಮಸ್ಕಾರ. 1974ರ ಯಮಹಾ ಆರ್‌ಡಿ 350, ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಬೈಕು, ಒಂದು ತಗೊಂಡೆ, ಹದಿನೈದು ವರ್ಷದಿಂದ ಶೆಡ್ಡಲ್ಲೇ ನಿಂತಿತ್ತಂತೆ, ಟ್ಯಾಂಕ್ ಒಳಗೆ ತುಕ್ಕು, ಸೀಟು ಇಲಿ ತಿಂದಿದೆ, ಕ್ರೋಮು ಅಲ್ಲಲ್ಲಿ ಎದ್ದಿದೆ, ಆದ್ರೆ ಫ್ರೇಮ್ ನಂಬರು ಇಂಜಿನ್ ನಂಬರು ಯಾರೂ ಉಜ್ಜಿಲ್ಲ, ಕಾಗದ ಪತ್ರನೂ ಸರಿಯಾಗಿದೆ. ಕಿಕ್ಕರ್ ಮಾತ್ರ ಒಂದಿಂಚೂ ಇಳೀತಿಲ್ಲ. ಮಾರಿದವರು "ಏನಿಲ್ಲ, ಪಿಸ್ಟನ್ ಅಂಟ್ಕೊಂಡಿದೆ ಅಷ್ಟೆ, ಥರ್ಡ್ ಗೇರಿಗೆ ಹಾಕಿ ತಳ್ಳಿದ್ರೆ ಬಿಟ್ಕೊಳತ್ತೆ" ಅಂದ್ರು. ನನ್ ಪ್ಲಾನ್ ಏನಂದ್ರೆ ಮೊದಲು ಪೇಂಟು ಕ್ರೋಮು ಮುಗಿಸಿಬಿಡೋದು, ನೋಡೋಕೆ ಚೆನ್ನಾಗಿದ್ರೆ ಕೆಲಸ ಮಾಡೋಕೂ ಹುರುಪು ಬರತ್ತಲ್ಲ, ಆಮೇಲೆ ಇಂಜಿನ್. 0.25 ಓವರ್‌ಸೈಜ್ (ಕಂಪನಿ ಅಳತೆಗಿಂತ ಅಷ್ಟು ಮಿಮೀ ದಪ್ಪ) ಪಿಸ್ಟನ್ ಸೆಟ್ ಆಗ್ಲೇ ತರಿಸಿಟ್ಟಿದೀನಿ. ಕವರ್ ಬಿಚ್ಚೋಕೆ ಹೋಗಿ ಎರಡು ಸ್ಕ್ರೂ ತಲೆ ಬೋಳಾಯ್ತು. ಸರಿ ದಾರೀಲಿ ಇದೀನಾ?

ಹೊಗೆ ಮಾಮ:
ಕಿಟ್ಟಿ, ತಳ್ಳೋದು ಗಿಳ್ಳೋದು ಏನೂ ಬೇಡ ಮಾರಾಯ, ದಯವಿಟ್ಟು. ತುಕ್ಕು ಹಿಡಿದ ರಿಂಗ್‌ನ ಹಾಗೇ ಎಳೆದ್ರೆ ಪೋರ್ಟಿನ (ಸಿಲಿಂಡರ್ ಗೋಡೆಯ ಕಿಂಡಿ) ಅಂಚಿಗೆ ಸಿಕ್ಕಿ ಮುರಿಯತ್ತೆ, ಜೊತೆಗೆ ಪಿಸ್ಟನ್ನೂ ಬೋರೂ (ಪಿಸ್ಟನ್ ಓಡಾಡೋ ಸಿಲಿಂಡರಿನ ಒಳಭಾಗ) ಎರಡೂ ಹೋಗತ್ತೆ. ಪ್ಲಗ್ ತೆಗೆದು ಪೆನಟ್ರೇಟಿಂಗ್ ಆಯಿಲ್ ಬಿಟ್ಟು ಎರಡು ಮೂರು ದಿನ ಬಿಡು. ಒಂದು ವಿಷಯ ತಲೇಲಿಟ್ಕೋ, ಇದು 180 ಡಿಗ್ರಿ ಕ್ರ್ಯಾಂಕು (ಪಿಸ್ಟನ್‌ಗಳು ತಿರುಗಿಸೋ ದಂಡ), ಒಂದು ಪಿಸ್ಟನ್ ಮೇಲಿದ್ರೆ ಇನ್ನೊಂದು ಕೆಳಗೆ. ಕೆಳಗಿರೋದರ ಪೋರ್ಟ್ ತೆರೆದಿರತ್ತೆ, ನೀನು ಬಿಟ್ಟ ಆಯಿಲ್ ಅಲ್ಲಿ ನಿಲ್ಲಲ್ಲ, ಸೀದಾ ಸೈಲೆನ್ಸರಿಗೋ ಕ್ರ್ಯಾಂಕ್‌ಕೇಸಿಗೋ ಇಳಿದು ಹೋಗತ್ತೆ. ಅದಕ್ಕೇ ಹೆಡ್ ಬಿಚ್ಚಿ ನೋಡಿ ಮಾಡೋದೇ ವಾಸಿ.

ಪಿಸ್ಟನ್ ಮೊದಲೇ ತರಿಸಿದ್ದು ತಪ್ಪು. ಸ್ಟಾಂಡರ್ಡ್ ಬೋರ್ 64 ಮಿಮೀ, ಈಗ ಎಷ್ಟಿದೆ ಅಂತ ಗೇಜ್ ಇಟ್ಟು ನೋಡಿದ್ಯಾ? ಹಿಂದೆ ಯಾರಾದ್ರೂ ಬೋರ್ ಕೊರೆಸಿ ಅಗಲ ಮಾಡ್ಸಿದ್ರೆ ಆಗ್ಲೇ 0.50ಕ್ಕೆ ಹೋಗಿರಬಹುದು, ಆಗ ನಿನ್ ಸೆಟ್ ಶೋಕೇಸಿಗೇ. ಮೊದಲು ಬೋರ್ ಅಳತೆ, ಆಮೇಲೆ ಪಿಸ್ಟನ್, ಆ ಪಿಸ್ಟನ್ನೇ ಕೈಗೆ ಕೊಟ್ಟು ಅದಕ್ಕೆ ತಕ್ಕ ಹಾಗೆ ಬೋರ್ ಮಾಡ್ಸೋದು.

ಸ್ಕ್ರೂ ಬೋಳಾಗಿದ್ದು ನಿನ್ ಕೈ ತಪ್ಪಲ್ಲ, ಸ್ಕ್ರೂಡ್ರೈವರ್ ತಪ್ಪು. ಹಳೇ ಜಪಾನ್ ಗಾಡಿಗಳಲ್ಲಿ ಇರೋದು ಫಿಲಿಪ್ಸ್ ಅಲ್ಲ, ಜೆಐಎಸ್, ಅಂದ್ರೆ ಜಪಾನಿನ ಸ್ಟಾಂಡರ್ಡಿನ ಸ್ಕ್ರೂ. ನೋಡೋಕೆ ಒಂದೇ ಥರ, ಆದ್ರೆ ಫಿಲಿಪ್ಸ್ ಹಾಕಿ ತಿರುಗಿಸಿದ್ರೆ ಜಾರಿ ಮೇಲೆ ಬರತ್ತೆ. ಜೆಐಎಸ್ ಬಿಟ್ (ಸ್ಕ್ರೂಡ್ರೈವರ್ ತುದಿ) ಹಾಕಿ ಇಂಪ್ಯಾಕ್ಟ್ ಡ್ರೈವರಲ್ಲಿ ಸುತ್ತಿಗೆಯಿಂದ ಒಂದೇಟು ಹಾಕು, ಉಳಿದವು ಬರ್ತವೆ.

ಗ್ಯಾರೇಜ್ ತಾತ:
ಹೊಗೆ ಮಾಮ ಹೇಳಿದ್ದೆಲ್ಲ ಸರಿ, ಆದ್ರೆ ನಿಮ್ಮಿಬ್ಬರ ಕಣ್ಣೂ ಮೇಲ್ಗಡೆನೇ ಇದೆ, ನನ್ ಚಿಂತೆ ಕೆಳಗಡೆದು. ಟೂ ಸ್ಟ್ರೋಕಲ್ಲಿ ಕ್ರ್ಯಾಂಕ್ ಕೆಳಗೆ ಆಯಿಲ್ ತುಂಬಿರಲ್ಲಪ್ಪ, ಪೆಟ್ರೋಲ್ ಜೊತೆ ಬರೋ ಮಂಜಿನಂಥ ಆಯಿಲೇ ಬೇರಿಂಗಿಗೆ ಗತಿ. ಗಾಡಿ ವರ್ಷಗಟ್ಟಲೆ ನಿಂತ್ರೆ ಆ ತೆಳುಪದರ ಒಣಗಿ, ತೇವ ಕ್ರ್ಯಾಂಕ್‌ಕೇಸಿನ ತಳಕ್ಕೆ ಇಳಿದು, ಬಿಗ್ ಎಂಡಿಗೂ (ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗ್) ಮೇನ್ ಬೇರಿಂಗಿಗೂ (ಕ್ರ್ಯಾಂಕ್ ಕೂರೋ ಬೇರಿಂಗ್) ತುಕ್ಕಿನ ಚುಕ್ಕೆ ಬೀಳತ್ತೆ. ಪಿಸ್ಟನ್ ಬಿಟ್ಕೊಂಡ್ತು ಅಂತ ಖುಷೀಲಿ ಸ್ಟಾರ್ಟ್ ಮಾಡಿದವರು ಸ್ವಲ್ಪ ದೂರ ಓಡಿಸಿ ಮತ್ತೆ ಇಂಜಿನ್ ಇಳಿಸಿದ್ದು ಬೇಕಾದಷ್ಟು ನೋಡಿದೀನಿ.

ಇನ್ನು ಕ್ರ್ಯಾಂಕ್ ಸೀಲು, ಅಂದ್ರೆ ಕ್ರ್ಯಾಂಕ್ ತುದೀಲಿ ಗಾಳಿ ಆಯಿಲ್ ತಡೆಯೋ ರಬ್ಬರ್ ಬಳೆ. ನಿಂತ ಗಾಡೀಲಿ ರಬ್ಬರ್ ಕಲ್ಲಾಗಿರತ್ತೆ. ಎಡಗಡೆ, ಅಂದ್ರೆ ಆಲ್ಟರ್ನೇಟರ್ ಕಡೆ ಸೀಲ್ ಹೋದ್ರೆ ಹೊರಗಿನ ಗಾಳಿ ಎಳ್ಕೊಳತ್ತೆ, ಮಿಕ್ಸ್ಚರ್ ಲೀನ್ ಆಗತ್ತೆ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ), ಐಡಲಿಂಗ್ ಏರಿ ಇಳಿದು ಆಡತ್ತೆ, ನೀವು ಕಾರ್ಬ್ಯುರೇಟರ್ ತಿರುಗಿಸ್ತಾ ತಿರುಗಿಸ್ತಾ ಒಂದು ದಿನ ಪಿಸ್ಟನ್ ತೂತು. ಬಲಗಡೆ ಕ್ಲಚ್ ಕಡೆ ಸೀಲ್ ಹೋದ್ರೆ ಗೇರ್ ಆಯಿಲ್ ಕುಡಿಯತ್ತೆ, ಬಿಳಿ ಹೊಗೆ ನಿಲ್ಲೋದೇ ಇಲ್ಲ, ಗೇರ್‌ಬಾಕ್ಸ್ ಲೆವೆಲ್ ತಾನಾಗೇ ಇಳೀತಾ ಹೋಗತ್ತೆ. ಕೇಸ್ ಅಡ್ಡಕ್ಕೆ ಇಬ್ಭಾಗ ಆಗೋ ಥರದ್ದು, ಬಿಚ್ಚೋದು ಕಷ್ಟವಿಲ್ಲ, ಬಿಚ್ಚಿ. ಜೋಡಿಸಿದ ಮೇಲೆ ಇನ್‌ಟೇಕು ಎಕ್ಸಾಸ್ಟು ಮುಚ್ಚಿ 6 ಪಿಎಸ್‌ಐ ಗಾಳಿ ತುಂಬಿ 6 ನಿಮಿಷ ನಿಲ್ಲತ್ತಾ ನೋಡಿ, ಇಳಿದ್ರೆ ಸೋಪ್ ನೀರು ಹಚ್ಚಿ ಗುಳ್ಳೆ ಎಲ್ಲಿ ಬರತ್ತೆ ಅಂತ ಹುಡುಕಿ. ಇದನ್ನ ಮಾಡದೆ ಟೂ ಸ್ಟ್ರೋಕ್ ಸ್ಟಾರ್ಟ್ ಮಾಡೋದು ಜೂಜು.

ಆರ್‌ಡಿ ತಗೊಂಡ್ರಲ್ಲ, ಬಚಾವ್. ಕವಾಸಾಕಿ ಎಚ್1 ಥರ ಮೂರು ಸಿಲಿಂಡರ್ ಗಾಡಿ ಆಗಿದ್ರೆ ಒಳಗಿನ ಸೀಲ್ ಬದಲಾಯಿಸೋಕೆ ಪ್ರೆಸ್ಸಲ್ಲಿ ಒತ್ತಿ ಜೋಡಿಸಿದ ಕ್ರ್ಯಾಂಕನ್ನೇ ಬಿಡಿಸಬೇಕಿತ್ತು.

ರಸ್ಟ್ ರಾಜ:
ಅಣ್ಣಂದಿರು ಇಂಜಿನ್ ನೋಡ್ಕೊಳ್ಳಿ, ನಾನು ಪೇಂಟಿನ ಬಗ್ಗೆ ಜಗಳಕ್ಕೆ ಬಂದೆ. ಕಂಪನಿ ಪೇಂಟ್ ಅರ್ಧಕ್ಕಿಂತ ಹೆಚ್ಚು ಉಳಿದಿದ್ರೆ ಮುಟ್ಟಬೇಡಿ ಸರ್. ಹೊಸಾ ಪೇಂಟ್ ಯಾವತ್ತು ಬೇಕಾದ್ರೂ ಹೊಡಿಬಹುದು, ಕಂಪನೀಲಿ ಹೊಡೆದದ್ದು ಒಂದ್ ಸಲ ಉಜ್ಜಿದ್ರೆ ಮುಗೀತು. ನಾನೇ ಒಂದು ಸುಜುಕಿ ಜಿಟಿ 380 ಟ್ಯಾಂಕ್ ಉಜ್ಜಿ ಮಿರಮಿರ ಮಿಂಚಿಸಿ ಈಗ ಅದರ ಹಳೇ ಫೋಟೊ ನೋಡಿ ಹೊಟ್ಟೆ ಉರ್ಕೊತೀನಿ.

ಟ್ಯಾಂಕ್ ಒಳಗಿನ ತುಕ್ಕಿಗೆ ಸ್ಟ್ರಾಂಗ್ ಆಸಿಡ್ ಹಾಕ್ಬೇಡಿ, ಲೋಹನೇ ತಿಂದುಬಿಡತ್ತೆ. ವಿನೆಗರ್ ಇಲ್ಲಾ ಸಿಟ್ರಿಕ್ ಆಸಿಡ್ ಒಂದೆರಡು ದಿನ ತುಂಬಿಡಿ, ಆಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು ತಕ್ಷಣ ಒಣಗಿಸಿ ಆಯಿಲ್ ಸವರಿ. ತಕ್ಷಣ ಅಂದ್ರೆ ತಕ್ಷಣ, ಕಾಫಿ ಕುಡ್ಕೊಂಡ್ ಬರೋಷ್ಟರಲ್ಲಿ ಕೆಂಪಾಗಿರತ್ತೆ.

ಎರಡ್ನೇ ಗೇರ್:
ಆಯಿಲ್ ಪಂಪ್ ಕಿತ್ತಾಕಿ ಗುರು, ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡ್ಸು, ಐವತ್ತು ವರ್ಷದ ಪಂಪ್ ನಂಬೋಕಾಗತ್ತಾ?

ಗ್ಯಾರೇಜ್ ತಾತ:
@ಎರಡ್ನೇ ಗೇರ್ ಈ ಮಾತಿಗೆ ನನ್ ಒಪ್ಪಿಗೆ ಇಲ್ಲ. ಆಟೋಲ್ಯೂಬ್, ಅಂದ್ರೆ ಯಮಹಾದ ಈ ಆಯಿಲ್ ಪಂಪು, ಆರ್‌ಪಿಎಂ ಜೊತೆಗೆ ಥ್ರಾಟಲನ್ನೂ ನೋಡಿ ಆಯಿಲ್ ಕೊಡತ್ತೆ, ಕೈಯಲ್ಲಿ ಬೆರೆಸಿದ್ರೆ ಯಾವಾಗ್ಲೂ ಒಂದೇ ಅಳತೆ. ಪಂಪ್ ಕೆಡೋದಕ್ಕಿಂತ ಪೈಪಲ್ಲಿ ಗಾಳಿ ಸೇರಿ ಅಥವಾ ಕೇಬಲ್ ಗುರುತು ಹೊಂದದೆ ಕೆಟ್ಟ ಇಂಜಿನ್ನೇ ಜಾಸ್ತಿ. ಬ್ಲೀಡ್ ಮಾಡಿ (ಪೈಪಿನ ಗಾಳಿ ಹೊರಹಾಕಿ), ಗುರುತು ಹೊಂದ್ಸಿ, ಮೊದಲನೇ ಟ್ಯಾಂಕಿಗೆ ಮಾತ್ರ 32 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್ ಬೆರೆಸಿ ಪಂಪನ್ನೂ ಇಟ್ಟು ಓಡಿಸಿ. ಆಯಿಲ್ ಟ್ಯಾಂಕ್ ಲೆವೆಲ್ ಇಳೀತಿದೆ ಅಂತ ಗ್ಯಾರಂಟಿ ಆದ್ಮೇಲೆ ಬೆರೆಸೋದು ನಿಲ್ಲಿಸಿ. ಹೊಗೆ ಬರತ್ತೆ, ಪ್ಲಗ್ ಒಂದೆರಡು ಸಲ ಕಪ್ಪಾಗತ್ತೆ, ಆಗ್ಲಿ ಬಿಡಿ.

ಕಿಕ್ಕರ್ ಕಿಟ್ಟಿ:
ಅಪ್‌ಡೇಟ್. ಹೆಡ್ ಬಿಚ್ಚಿದೆ, ಎಡಗಡೆ ಪಿಸ್ಟನ್ ಅಂಟಿತ್ತು, ನಾಲ್ಕು ದಿನ ನೆನೆಸಿ ಮರದ ತುಂಡಿಟ್ಟು ತಟ್ಟಿದ್ಮೇಲೆ ಬಂತು. ಬೋರ್ ಅಳೆಸಿದೆ, ಆಗ್ಲೇ 0.50 ಹೋಗಿದೆ, ಈಗ 0.75 ಬೇಕಂತೆ, ಹೊಗೆ ಮಾಮ ನಗಬೇಡಿ. ತಾತ, ನೀವು ಹೇಳಿದ ಹಾಗೇ ಎಡಗಡೆ ಬಿಗ್ ಎಂಡಲ್ಲಿ ತುಕ್ಕಿನ ಚುಕ್ಕೆ ಇದೆ, ಕ್ರ್ಯಾಂಕ್ ರೀಬಿಲ್ಡಿಗೆ ಕೊಡ್ತಿದೀನಿ. ಪೇಂಟ್ ಸದ್ಯಕ್ಕೆ ಹಾಗೇ ಇರ್ಲಿ. ವಾಪಸ್ ಬಂದಾಗ ಕ್ರ್ಯಾಂಕ್ ಸರಿ ಮಾಡಿದಾರಾ ಅಂತ ನಾನು ಹೇಗೆ ಚೆಕ್ ಮಾಡ್ಲಿ?

ಗ್ಯಾರೇಜ್ ತಾತ:
ವಿ ಬ್ಲಾಕ್ (ವಿ ಆಕಾರದ ಆಧಾರ) ಮೇಲಿಟ್ಟು ಡಯಲ್ ಗೇಜ್ (ಮುಳ್ಳಿರೋ ಸೂಕ್ಷ್ಮ ಅಳತೆ ಮಾಪಕ) ಹಿಡಿದು ಮೆಲ್ಲಗೆ ತಿರುಗಿಸಿ, 0.03 ಮಿಮೀ ದಾಟಿ ಮುಳ್ಳು ಆಡಿದ್ರೆ ವಾಪಸ್ ಕೊಡಿ. ಗೇಜ್ ಹೇಗೂ ತಗೊಳ್ಳಲೇಬೇಕು, ಆಮೇಲೆ ಪ್ಲಗ್ ಕಿಡಿಯ ಟೈಮಿಂಗ್ ಇಡೋಕೂ ಅದೇ ಬೇಕಾಗತ್ತೆ.

ಹೊಗೆ ಮಾಮ:
ನಗ್ತಾ ಇಲ್ಲಪ್ಪ. ಆ 0.25 ಸೆಟ್ ಕೊಡೋದಿದ್ರೆ ಹೇಳು, ನನ್ ಎರಡನೇ ಆರ್‌ಡಿಗೆ ಅಳತೆ ತಗೊಂಡು ಮೆಸೇಜ್ ಮಾಡ್ತೀನಿ.