‘ನಲವತ್ತೇಳರ ಸ್ವಾತಂತ್ರ್ಯ’ದಲ್ಲಿ ಆಶಯ ಎಲ್ಲಿದೆ?

ಕಾವೇರಿತೀರ (ವಿರಾಜಪೇಟೆ): ದಲಿತ ಕವಿ ಸಿದ್ದಲಿಂಗಯ್ಯನವರ ‘ಯಾರಿಗೆ ಬಂತು ಎಲ್ಲಿಗೆ ಬಂತು ನಲವತ್ತೇಳರ ಸ್ವಾತಂತ್ರ್ಯ’ ಪದ್ಯದ ಬಗ್ಗೆ ನಮ್ಮ ಪಿಯುಸಿ ಮಕ್ಕಳು ಹತ್ತು ನಿಮಿಷ ಮಾತಾಡಬೇಕು. ವಿಷಯ ‘ಸಮಾನತೆ, ಸ್ವಾತಂತ್ರ್ಯದ ಆಶಯ’. ಪದ್ಯದ ತುಂಬ ಸಿಟ್ಟೇ ಇದೆಯಲ್ಲ, ಆಶಯವನ್ನು ಎಲ್ಲಿ ತೋರಿಸುವುದು?

ಬಿದಿರುಮೆಳೆ: ‘ಇಲ್ಲ’ಗಳಲ್ಲೇ ತೋರಿಸಿ ಮೇಡಂ. ಬೆಳಕಿನ ಕಿರಣ ತರಲಿಲ್ಲ, ಗೋಳಿನ ಕಡಲು ಬತ್ತಿಸಲಿಲ್ಲ, ಸಮತೆಯ ಹೂ ಅರಳಿಸಲಿಲ್ಲ. ಸ್ವಾತಂತ್ರ್ಯ ಏನೇನು ಮಾಡಬೇಕಿತ್ತು ಎಂಬ ಪಟ್ಟಿಯೇ ಅದು. ಒಮ್ಮೆ ‘ತರಲಿ, ಬತ್ತಿಸಲಿ, ಅರಳಿಸಲಿ’ ಎಂದು ಓದಿಸಿ, ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ. ಆಮೇಲೆ ಮೂಲದ ಸಾಲಿಗೆ ಮರಳಲೇಬೇಕು. ಹಾರೈಕೆಯಲ್ಲೇ ನಿಂತರೆ ಪದ್ಯ ಪ್ರಾರ್ಥನೆಯಾಗಿಬಿಡುತ್ತದೆ. ಇದು ಲೆಕ್ಕ ಕೇಳುವ ಪದ್ಯ.

ಇನ್ನೊಂದು, ‘ಗೆ’ ಪ್ರತ್ಯಯ ಗಮನಿಸಿ. ಪೊಲೀಸರ ಬೂಟಿಗೆ, ಮಾಲೀಕರ ಚಾಟಿಗೆ, ಬಂದೂಕದ ಗುಂಡಿಗೆ ಎಲ್ಲಕ್ಕೂ ‘ಬಂತು’. ಬಡವರ ಮನೆಗೆ ಮಾತ್ರ ‘ಬರಲಿಲ್ಲ’. ಸ್ವಾತಂತ್ರ್ಯ ಯಾರ ಬಾಗಿಲು ಮುಟ್ಟಿತು ಎಂಬುದೇ ಇಲ್ಲಿ ಅಳತೆ. ಸಮಾನತೆಗೊಂದು ಪ್ಯಾರಾ, ಸ್ವಾತಂತ್ರ್ಯಕ್ಕೊಂದು ಪ್ಯಾರಾ ಎಂದು ಬೇರೆ ಮಾಡಿದರೆ ಈ ನಂಟೇ ಹರಿದುಹೋಗುತ್ತದೆ. ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲೇ.

ಹಾರಂಗಿ: ಒಪ್ಪಿದೆ. ‘ಕವಿ ಸ್ವಾತಂತ್ರ್ಯವನ್ನೇ ಅಲ್ಲಗಳೆಯುತ್ತಾರೆ’ ಎಂದು ಮಾತ್ರ ಯಾರೂ ಹೇಳದಿರಲಿ. ಬೇಡವಾದದ್ದು ಯಾರಿಗೆ ಬಂತು ಎಂದು ಯಾರೂ ಕೇಳುವುದಿಲ್ಲ. 1949ರ ನವೆಂಬರ್ 25ರಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಇದೇ ಎಚ್ಚರಿಕೆ ಕೊಟ್ಟಿದ್ದರು: ರಾಜಕೀಯದಲ್ಲಿ ಸಮಾನತೆ ಸಿಗುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಉಳಿಯುತ್ತದೆ. ಆ ಭಾಷಣವನ್ನು ಪದ್ಯದ ಪಕ್ಕದಲ್ಲಿಡಿ. ದಲಿತ ಚಳವಳಿಯ ಸಭೆಗಳಲ್ಲಿ ಜನ ಒಟ್ಟಾಗಿ ಹಾಡಿದ ಪದ್ಯ ಇದು ಎನ್ನುವುದನ್ನೂ ಹೇಳಿ. ಹತ್ತಾರು ದನಿ ಸೇರಿ ಕೇಳಿದಾಗ ಆ ಪ್ರಶ್ನೆಯಲ್ಲಿ ಹತಾಶೆ ಉಳಿಯುವುದಿಲ್ಲ.

ಕಾವೇರಿತೀರ: ‘ಮಾಲೀಕರ ಚಾಟಿ’ ಎಂದೊಡನೆ ನಮ್ಮ ಮಕ್ಕಳು ಕಾಫಿ ತೋಟದ ಲೈನ್‌ಮನೆಗೆ, ಅಂದರೆ ಕೂಲಿಗಳ ಸಾಲುಮನೆಗೆ, ಹೋಗುತ್ತಾರೆ. ತಡೆಯಲೇ?

ಬಿದಿರುಮೆಳೆ: ಬೇಡ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯ ಆದಿವಾಸಿಗಳ ಗುಡಿಸಲು ಕೆಡವಿದ್ದನ್ನೂ ತರಲಿ. ಆದರೆ ಪದ್ಯ ಕೊಡಗಿನ ಮೇಲೆ ಬರೆದದ್ದಲ್ಲ. ‘ಪದ್ಯ ಹೇಳುವುದು ಇದು, ನಮ್ಮೂರಲ್ಲಿ ನಾವು ಕಾಣುವುದು ಇದು’ ಎಂಬ ಗೆರೆ ಕೇಳುವವರಿಗೆ ಸ್ಪಷ್ಟವಾಗಬೇಕು. ಎರಡು ನಿಮಿಷ ಓದು, ಐದು ನಿಮಿಷ ‘ಇಲ್ಲ’ ಮತ್ತು ‘ಗೆ’, ಒಂದು ನಿಮಿಷ ಅಂಬೇಡ್ಕರ್, ಉಳಿದ ಎರಡು ಕೊಡಗಿಗೆ. ಓದುವಾಗ ‘ಯಾರಿಗೆ’, ‘ಎಲ್ಲಿಗೆ’ ಎರಡರ ಮೇಲೂ ಒತ್ತು ಬೀಳಲಿ. ಬರೀ ‘ಸ್ವಾತಂತ್ರ್ಯ’ದ ಮೇಲೆ ಒತ್ತಿದರೆ ಪ್ರಶ್ನೆ ಘೋಷಣೆಯಾಗುತ್ತದೆ.